ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ ಇದ್ದರೂ ಹೊತ್ತು ಏಕೆ ಬದಲಾಗುತ್ತದೆ?

ಪ್ರಶ್ನೆ: ನನಗೆ 68 ವರ್ಷ, ಪತ್ನಿಗೆ 64. ದಾವಣಗೆರೆಯಲ್ಲಿ ನೆಲೆಸಿದ್ದೇವೆ. ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾನೆ. ಬರುವ ಚಳಿಗಾಲದಲ್ಲಿ ಮೊದಲ ಬಾರಿಗೆ ಅವನಲ್ಲಿಗೆ ಹೊರಟಿದ್ದೇವೆ. ದೂರ ಲೆಕ್ಕ ಹಾಕುವ ಜಾಲತಾಣದಲ್ಲಿ ನೋಡಿದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,990 ಕಿ.ಮೀ., ಸುಮಾರು 16 ಗಂಟೆ ಎಂದು ತೋರಿಸುತ್ತದೆ. ಮಗ ಕಳುಹಿಸಿದ ಟಿಕೆಟ್‌ಗಳ ಪಟ್ಟಿಯಲ್ಲಿ ಮಾತ್ರ 22 ಗಂಟೆ, 26 ಗಂಟೆ ಎಂದೆಲ್ಲ ಇದೆ. ಹೋಗುವುದಕ್ಕಿಂತ ಬರುವ ಪ್ರಯಾಣ ಹೆಚ್ಚು ಹೊತ್ತು ಹಿಡಿಯುತ್ತದಂತೆ. ಭೂಮಿ ತಿರುಗುವುದೇ ಇದಕ್ಕೆ ಕಾರಣ ಎಂದು ಪರಿಚಯದವರೊಬ್ಬರು ಹೇಳಿದರು. ವಿಮಾನ ಉತ್ತರ ಧ್ರುವದ ಮೇಲೆ ಹೋಗುತ್ತದೆ, ಅಲ್ಲಿ ವಿಕಿರಣ ಹೆಚ್ಚು, ತೊಂದರೆಯಾದರೆ ಇಳಿಯಲು ಜಾಗವಿಲ್ಲ ಎಂದು ಇನ್ನೊಬ್ಬರು ಹೆದರಿಸಿದರು. ಪತ್ನಿಗೆ ಮಂಡಿನೋವು ಮತ್ತು ರಕ್ತದೊತ್ತಡ ಇದೆ. ನೇರ ವಿಮಾನ ಹಿಡಿಯಬೇಕೆ, ನಡುವೆ ಎಲ್ಲಿಯಾದರೂ ಇಳಿದು ಹೋಗಬೇಕೆ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಅವುಗಳ ಹಿಂದಿರುವ ಚಿಂತೆ ಒಂದೇ: ನಿಮ್ಮ ಪತ್ನಿ ಒಂದೇ ಕುರ್ಚಿಯಲ್ಲಿ ಎಷ್ಟು ಹೊತ್ತು ಕುಳಿತಿರಬೇಕು ಎಂಬುದು. ಟಿಕೆಟ್ ಕೊಳ್ಳುವಾಗ ಎಲ್ಲರೂ ಒಟ್ಟು ದೂರ, ಒಟ್ಟು ಗಂಟೆ ಮತ್ತು ಬೆಲೆಯನ್ನು ನೋಡುತ್ತಾರೆ. ಹಾರಾಟದ ಮಾರ್ಗ ಮತ್ತು ಇಂಧನದ ಯೋಜನೆ ಸಿದ್ಧಪಡಿಸುವ ಕೆಲಸದಲ್ಲಿದ್ದವನಾಗಿ ಹೇಳುತ್ತೇನೆ, ವಯಸ್ಸಾದವರ ಮಟ್ಟಿಗೆ ಮೊದಲು ನೋಡಬೇಕಾದದ್ದು ಪ್ರಯಾಣದ ಅತಿ ಉದ್ದದ ಒಂದು ಹಾರಾಟ ಎಷ್ಟು ಗಂಟೆಯದು ಎಂಬುದನ್ನು. ಅದಕ್ಕೆ ಬರುವ ಮೊದಲು ದೂರದ ಲೆಕ್ಕವನ್ನು ಬಿಡಿಸೋಣ.

13,990 ಕಿ.ಮೀ. ಎಂಬ ಅಂಕಿ ಸರಿಯಾದದ್ದೇ. ಗೋಳಾಕಾರದ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಅದು. ಒಂದು ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಎಳೆದು ಬಿಗಿ ಹಿಡಿದರೆ ಅದು ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಮೇಲಾಗಲಿ, ನೇರ ಪೂರ್ವಕ್ಕೆ ಪೆಸಿಫಿಕ್ ಮೇಲಾಗಲಿ ಹೋಗುವುದಿಲ್ಲ. ಉತ್ತರಕ್ಕೆ ತುಸು ಪೂರ್ವಕ್ಕೆ ವಾಲಿಕೊಂಡು ನೇಪಾಳ, ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ಈಶಾನ್ಯ ಕರಾವಳಿಯನ್ನು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಗೋಡೆಯ ಮೇಲಿನ ಚಪ್ಪಟೆ ಭೂಪಟದಲ್ಲಿ ಇದು ದೊಡ್ಡ ಸುತ್ತಿನಂತೆ ಕಾಣುವುದರಿಂದ ಜನರಿಗೆ ನಂಬಿಕೆ ಬರುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿ. ಈ ದಾರಿ ಅತಿ ಉತ್ತರಕ್ಕೆ ಏರಿದಾಗಲೂ 71 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುತ್ತದೆ. ಧ್ರುವ ಅಲ್ಲಿಂದ ಇನ್ನೂ ಎರಡು ಸಾವಿರ ಕಿ.ಮೀ. ಆಚೆಗಿದೆ. ಆದ್ದರಿಂದ ಧ್ರುವದ ಮೇಲಿನ ದಾರಿಯೇ ಅತಿ ಹತ್ತಿರದ್ದು ಎಂಬ ಮಾತು ನಮ್ಮ ಬೆಂಗಳೂರಿನ ಮಟ್ಟಿಗೆ ನಿಜವಲ್ಲ. ಧ್ರುವದ ಮೇಲೆಯೇ ಹೋದರೆ ಸುಮಾರು 14,370 ಕಿ.ಮೀ. ಆಗುತ್ತದೆ.

ಆ ಹತ್ತಿರದ ದಾರಿಯಲ್ಲಿ ವಿಮಾನಗಳು ಹೋಗದಿರುವುದಕ್ಕೆ ಮುಖ್ಯ ಅಡ್ಡಿ ಟಿಬೆಟ್ ಪ್ರಸ್ಥಭೂಮಿ. ಶಿಖರಗಳಿಗೆ ವಿಮಾನ ತಾಗಬಹುದು ಎಂಬ ಭಯ ಇಲ್ಲಿಲ್ಲ, ವಿಮಾನ ಅವುಗಳಿಗಿಂತ ಬಹಳ ಎತ್ತರದಲ್ಲಿ ಹಾರುತ್ತದೆ. ತೊಡಕು ಇರುವುದು ಬೇರೆಡೆ. ಕ್ಯಾಬಿನ್ನಿನ ಗಾಳಿಯ ಒತ್ತಡ ಇಳಿದುಹೋದರೆ ಪೈಲಟ್ ಕೂಡಲೇ ಸುಮಾರು 10,000 ಅಡಿಗೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ ಸಾಲುತ್ತದೆ. ಟಿಬೆಟ್‌ನಲ್ಲಿ ನೆಲವೇ 14,000 ಅಡಿಗಿಂತ ಎತ್ತರದಲ್ಲಿದೆ. ಹಾಗಾಗಿ ಮಾರ್ಗ ಯೋಜಿಸುವವರು ಆ ಪ್ರದೇಶವನ್ನು ಬಿಟ್ಟು ಸುತ್ತುಹಾಕಿ ಹೋಗುವ ದಾರಿ ಹಾಕುತ್ತಾರೆ. ಇದರ ಜೊತೆಗೆ ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಎಂಬ ಪ್ರಶ್ನೆಯೂ ಇದೆ. 2022ರಿಂದ ಅಮೆರಿಕ ಮತ್ತು ಯುರೋಪಿನ ಬಹುತೇಕ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೊರಡುವವರಿಗೆ ಅದರ ಪೆಟ್ಟು ದೊಡ್ಡದು. ಬೆಂಗಳೂರಿನಿಂದ ಪೂರ್ವದ ಕಡೆ ಹೋಗುವವರಿಗೆ ಅಷ್ಟಾಗಿ ತಟ್ಟುವುದಿಲ್ಲ.

ಪೂರ್ವದ ದಾರಿ ಎಂದರೆ ಬಂಗಾಳ ಕೊಲ್ಲಿ, ಆಗ್ನೇಯ ಏಷ್ಯಾ, ಚೀನಾ, ಜಪಾನ್ ದಾಟಿ ಪೆಸಿಫಿಕ್ ಮೇಲೆ ಹೋಗುವುದು. ಟೋಕಿಯೊ ನೆತ್ತಿಯ ಮೇಲಿಂದ ಲೆಕ್ಕ ಹಾಕಿದರೆ ಸುಮಾರು 14,930 ಕಿ.ಮೀ. ಆಗುತ್ತದೆ. ಹತ್ತಿರದ ದಾರಿಗಿಂತ 900 ಕಿ.ಮೀ.ಗೂ ಹೆಚ್ಚು. ಇಷ್ಟು ಉದ್ದವಾದರೂ ಚಳಿಗಾಲದಲ್ಲಿ ಇದೇ ಬೇಗ ತಲುಪಿಸುವ ದಾರಿಯಾಗಬಹುದು. ನೀವು ಕೇಳಿದ ಹೋಗುವ ಮತ್ತು ಬರುವ ಹೊತ್ತಿನ ವ್ಯತ್ಯಾಸದ ಗುಟ್ಟು ಇಲ್ಲೇ ಇದೆ.

ಭೂಮಿಯ ತಿರುಗುವಿಕೆಯ ವಿಷಯ ಮೊದಲು. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,625 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ. ನೆಲದೊಂದಿಗೆ ಗಾಳಿಯೂ, ಆ ಗಾಳಿಯೊಳಗಿನ ವಿಮಾನವೂ ಸಾಗುತ್ತಿರುತ್ತವೆ. ವಿಮಾನ ಮೇಲೇರಿದ ಕೂಡಲೇ ಭೂಮಿ ಅದರ ಕೆಳಗೆ ಜಾರಿಹೋಗುವುದಿಲ್ಲ. ಹಾಗೆ ಜಾರುವುದಾಗಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಗಳೇ ಬೇಗ ತಲುಪಬೇಕಿತ್ತು. ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ: ಬೇಗ ತಲುಪುವುದು ಪೂರ್ವಕ್ಕೆ ಹೋಗುವ ವಿಮಾನ.

ನಿಜವಾದ ಕಾರಣ ಗಾಳಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಬಲವಾದ ಗಾಳಿಯ ಪಟ್ಟಿಗಳಿವೆ. ಜೆಟ್ ಸ್ಟ್ರೀಮ್ ಎಂದು ಅವುಗಳ ಹೆಸರು. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. ಇದನ್ನು ಮೊದಲು ಕ್ರಮವಾಗಿ ಅಳೆದವರು 1920ರ ದಶಕದಲ್ಲಿ ಬಲೂನು ಹಾರಿಸಿ ನೋಡಿದ ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ. ಆತ ತನ್ನ ವರದಿಯನ್ನು ಎಸ್ಪೆರಾಂಟೊ ಎಂಬ, ಕೆಲವೇ ಜನರಿಗೆ ತಿಳಿದಿದ್ದ ಕೃತಕ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಬಹಳ ಕಾಲ ಹೊರಗಿನ ಜಗತ್ತಿಗೆ ಅದು ಗೊತ್ತೇ ಆಗಲಿಲ್ಲ. ಅಷ್ಟು ಶ್ರದ್ಧೆಯ ಕೆಲಸ ಹಾಗೆ ಮರೆಯಲ್ಲಿ ಉಳಿದದ್ದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ. ಇರಲಿ. ಬೋಯಿಂಗ್ 777ರಂತಹ ವಿಮಾನ ಸ್ತಬ್ಧ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಕ್ರಮಿಸುತ್ತದೆ. ಬೆನ್ನಿಗೆ 150 ಕಿ.ಮೀ. ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 1,050 ಆಗುತ್ತದೆ, ಅದೇ ಗಾಳಿ ಎದುರಾದರೆ 750ಕ್ಕೆ ಇಳಿಯುತ್ತದೆ. ಸಾವಿರ ಕಿ.ಮೀ. ಸುತ್ತಿದರೂ ಬೆನ್ನಗಾಳಿ ಹಿಡಿಯುವುದು ಲಾಭ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಪರಿಚಯದವರ ಮಾತಿನಲ್ಲಿ ಒಂದಂಶ ಸತ್ಯವಿದೆ ಎನ್ನುವುದನ್ನೂ ಹೇಳಬೇಕು. ಈ ಗಾಳಿ ಪೂರ್ವಕ್ಕೆ ಬಾಗಿ ಬೀಸುವುದಕ್ಕೆ ಭೂಮಿಯ ತಿರುಗುವಿಕೆಯೂ ಒಂದು ಕಾರಣ. ಆದರೆ ವಿಮಾನಕ್ಕೆ ತಗಲುವುದು ಗಾಳಿ, ತಿರುಗುವಿಕೆಯಲ್ಲ.

ಆದ್ದರಿಂದ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ಹಾರಾಟ ಸುಮಾರು 16 ಗಂಟೆಯಾದರೆ, ಮರಳುವಾಗ 17ರಿಂದ 18 ಗಂಟೆ ಹಿಡಿಯುತ್ತದೆ. ಮರಳುವ ವಿಮಾನಗಳು ಎದುರುಗಾಳಿಯಿಂದ ತಪ್ಪಿಸಿಕೊಳ್ಳಲು ಹೆಚ್ಚು ಉತ್ತರಕ್ಕೆ ಹೋಗುವುದುಂಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗ ಆರಂಭಿಸಿದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮೂವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿನಲ್ಲಿ ಇಳಿದದ್ದು ನಿಮಗೆ ನೆನಪಿರಬಹುದು. ಸುಮಾರು 17 ಗಂಟೆಯ ಹಾರಾಟ ಅದು. ಧ್ರುವದ ಮಾತು ನಮ್ಮ ಕಡೆ ಇಷ್ಟು ಹರಡಿರುವುದಕ್ಕೆ ಆ ಸುದ್ದಿಯೂ ಕಾರಣ ಎಂದು ನನಗನ್ನಿಸುತ್ತದೆ. ಪ್ರತಿ ಹಾರಾಟವೂ ಧ್ರುವದ ಮೇಲೆ ಹೋಗುವುದಿಲ್ಲ. ಆಯಾ ದಿನದ ಗಾಳಿ, ಆಕಾಶದ ಅನುಮತಿ ಮತ್ತು ವಿಮಾನದ ತೂಕ ನೋಡಿ ಹೊರಡುವ ಕೆಲವು ಗಂಟೆಗಳ ಮುಂಚೆ ಮಾರ್ಗ ಗೊತ್ತುಮಾಡುತ್ತಾರೆ.

ತೂಕ ಎಂದಾಗ ಬೆಂಗಳೂರಿಗೇ ವಿಶೇಷವಾದ ಒಂದು ತೊಡಕನ್ನು ಹೇಳದೆ ಮುಂದೆ ಹೋಗಲಾರೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕೊಲ್ಲಿಯ ದಂಡೆಯಲ್ಲೇ, ಸಮುದ್ರಮಟ್ಟದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು. ಬಿಸಿಲೇರಿದಾಗ ಇನ್ನೂ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲವೂ, ಎಂಜಿನ್ನಿನ ತಳ್ಳುವ ಬಲವೂ ಕಡಿಮೆಯಾಗುತ್ತವೆ. ಈ ಮಾರ್ಗ ಆರಂಭಿಸಿದ 777-200ಎಲ್‌ಆರ್ ಮಾದರಿಯ ಟ್ಯಾಂಕುಗಳಿಗೆ 1.8 ಲಕ್ಷ ಲೀಟರ್ ಇಂಧನ ಹಿಡಿಯುತ್ತದೆ. ಇಷ್ಟು ದೂರದ ಹಾರಾಟದಲ್ಲಿ ಆರಂಭದ ಇಂಧನದ ಗಣನೀಯ ಪಾಲು ಉಳಿದ ಇಂಧನವನ್ನು ಹೊರಲೆಂದೇ ಉರಿಯುತ್ತದೆ. ಹಾಗಾಗಿ ಗಾಳಿ ಅನುಕೂಲವಾಗಿಲ್ಲದ ದಿನ ಕೆಲವು ಸೀಟು ಖಾಲಿ ಬಿಡುವುದೋ, ಸರಕು ಇಳಿಸುವುದೋ, ನಡುವೆ ಒಂದು ಕಡೆ ಇಂಧನಕ್ಕೆ ಇಳಿಯುವುದೋ ಅನಿವಾರ್ಯವಾಗಬಹುದು. ನೇರ ಟಿಕೆಟ್ ಕೊಂಡವರು ಈ ಸಾಧ್ಯತೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಜಾಲತಾಣದ 16 ಗಂಟೆ ಎಂಬ ಲೆಕ್ಕ ಇದ್ಯಾವುದನ್ನೂ ನೋಡುವುದಿಲ್ಲ. ದೂರವನ್ನು ಒಂದು ಸರಾಸರಿ ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸುತ್ತದೆ, ಅಷ್ಟೆ. ನೇರ ಹಾರಾಟಕ್ಕೆ ಅದು ಕಾಕತಾಳೀಯವಾಗಿ ಹತ್ತಿರ ಬಂದಿದೆ. ಟಿಕೆಟ್ಟಿನಲ್ಲಿ ಕಾಣುವ ಹೊತ್ತು ವಿಮಾನ ಗೇಟ್ ಬಿಟ್ಟ ಕ್ಷಣದಿಂದ ಮತ್ತೊಂದು ಗೇಟ್ ಸೇರುವವರೆಗಿನದು. 22 ಮತ್ತು 26 ಗಂಟೆಗಳಲ್ಲಿ ನಡುವಿನ ನಿಲ್ದಾಣದಲ್ಲಿ ಕಾಯುವ ಹೊತ್ತೂ ಸೇರಿದೆ.

ಇನ್ನು ಧ್ರುವದ ಭಯ. ಎತ್ತರದಲ್ಲಿ, ಅದರಲ್ಲೂ ಉತ್ತರದ ಅಕ್ಷಾಂಶಗಳಲ್ಲಿ ಬಾಹ್ಯಾಕಾಶದಿಂದ ಬರುವ ವಿಕಿರಣ ನೆಲದ ಮೇಲಿಗಿಂತ ಹೆಚ್ಚು ಎಂಬುದು ನಿಜ. ಪ್ರಮಾಣ ಎಷ್ಟು ಎಂಬುದನ್ನೂ ನೋಡಬೇಕು. ಇಂಥ ಒಂದು ಹಾರಾಟದಲ್ಲಿ ಪ್ರಯಾಣಿಕರಿಗೆ ತಗಲುವುದು ಸುಮಾರು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಮನೆಯಲ್ಲೇ ಇದ್ದರೂ ಮಣ್ಣು, ಗಾಳಿ, ಆಹಾರದಿಂದ ಮನುಷ್ಯನಿಗೆ ವರ್ಷಕ್ಕೆ ತಗಲುವ ಸಹಜ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ತಿಂಗಳಿಗೆ ಹಲವು ಬಾರಿ ಹಾರುವ ಸಿಬ್ಬಂದಿಯ ಲೆಕ್ಕ ಇಡಬೇಕಾಗುತ್ತದೆ. ಹೋಗಿ ಬರುವ ತಂದೆತಾಯಿಗಳು ಇದಕ್ಕೆ ನಿದ್ದೆಗೆಡಬೇಕಾಗಿಲ್ಲ.

ಇಳಿಯಲು ಜಾಗವಿಲ್ಲ ಎಂಬುದು ಪೂರ್ತಿ ತಪ್ಪು. ಎರಡು ಎಂಜಿನ್ನಿನ ವಿಮಾನ, ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲಿ ನಿಗದಿತ ಹೊತ್ತಿನೊಳಗೆ ಒಂದು ನಿಲ್ದಾಣ ಸೇರುವಂತೆ ಮಾರ್ಗ ಹಾಕಲೇಬೇಕು. ಆ ಹೊತ್ತು ಮೂರು ಗಂಟೆಯೋ, ಅದಕ್ಕಿಂತ ಹೆಚ್ಚೋ ಎಂಬುದು ವಿಮಾನಕ್ಕೂ ಕಂಪನಿಗೂ ದೊರೆತ ಅನುಮತಿಯ ಮೇಲಿದೆ. ಪೆಸಿಫಿಕ್ ಮಾರ್ಗದಲ್ಲಿ ಅಲಾಸ್ಕಾದ ಆಂಕರೇಜ್, ಕೋಲ್ಡ್ ಬೇ ಇಂಥ ಜಾಗಗಳು. ಉತ್ತರದ ಕೊರೆಯುವ ಚಳಿಯಲ್ಲಿ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯನ್ನೂ ಗಮನಿಸುತ್ತಿರುತ್ತಾರೆ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ. ನಿಜವಾದ ಕಷ್ಟ ಇಳಿದ ನಂತರದ್ದು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಆದರೆ ಬದಲಿ ವಿಮಾನ ಬರುವವರೆಗೆ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಆ ದೂರದ ಊರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕಾಯಬೇಕಾಯಿತು. ಇಂಥದ್ದು ಅಪರೂಪ. ಆದರೂ ಕೈಚೀಲದಲ್ಲಿ ಮೂರು ನಾಲ್ಕು ದಿನಕ್ಕಾಗುವಷ್ಟು ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಮತ್ತು ಸ್ವೆಟರ್ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಆಯ್ಕೆಯ ವಿಚಾರ. ನೇರ ವಿಮಾನವೇ ಬೇಕೆಂದರೆ ನೀವು ಹೊರಡುವ ತಿಂಗಳಲ್ಲಿ ಅದು ಹಾರುತ್ತಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಈ ಮಾರ್ಗ ಹಿಂದೊಮ್ಮೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಗಿತ್ತು. ಅಮೆರಿಕದ ಎರಡು ಕಂಪನಿಗಳು ಬೆಂಗಳೂರಿಗೆ ನೇರ ಹಾರಾಟ ಘೋಷಿಸಿ ಆರಂಭಿಸಲೇ ಇಲ್ಲ. ಇಷ್ಟು ದೂರದ ಮಾರ್ಗಗಳು ಇಂಧನದ ಬೆಲೆಗೂ ಆಕಾಶದ ರಾಜಕೀಯಕ್ಕೂ ಬೇಗ ಬಲಿಯಾಗುತ್ತವೆ. ಒಂದು ವೇಳೆ ಸಿಕ್ಕರೆ, ಪರನಾಡಿನಲ್ಲಿ ವಿಮಾನ ಬದಲಿಸುವ ಗೊಂದಲ ಇಲ್ಲ, ಸಾಮಾನು ಕಳೆಯುವ ಭಯ ಕಡಿಮೆ. ತೆರಬೇಕಾದ ಬೆಲೆ ಎಂದರೆ ಒಂದೇ ಕುರ್ಚಿಯಲ್ಲಿ 16ರಿಂದ 18 ಗಂಟೆ.

ನಡುವೆ ಇಳಿಯುವುದಾದರೆ ಎಲ್ಲಿ ಎಂಬುದು ಮುಖ್ಯ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ದುಬೈ ಮೂಲಕ ಹೋಗುವುದು ನಮ್ಮವರಿಗೆ ರೂಢಿ. ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ 13,000 ಕಿ.ಮೀ. ಅಂದರೆ ನಾಲ್ಕು ಗಂಟೆ ಹಾರಿ, ಇಳಿದು, ಕಾಯ್ದು, ಮತ್ತೆ ಹದಿನಾರು ಗಂಟೆ ಕುಳಿತುಕೊಳ್ಳಬೇಕು. ಮಂಡಿನೋವಿರುವವರಿಗೆ ಇದರಿಂದ ಏನೂ ಉಪಕಾರವಾಗಲಿಲ್ಲ, ಮೇಲಿಂದ ಆಯಾಸವಷ್ಟೇ ಹೆಚ್ಚಿತು. ಸಿಂಗಪುರದ ಕಥೆಯೂ ಹೀಗೆಯೇ, ಎರಡನೆಯ ಹಾರಾಟ 13,500 ಕಿ.ಮೀ. ದಾಟುತ್ತದೆ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಒಟ್ಟು ದೂರ 16,500 ಕಿ.ಮೀ. ಮೀರುತ್ತದೆ, ಆದರೆ 7,400 ಮತ್ತು 9,150 ಎಂದು ಎರಡು ಭಾಗವಾಗುತ್ತದೆ. ಹತ್ತು ಹನ್ನೊಂದು ಗಂಟೆ, ನಡುವೆ ಬಿಡುವು, ಮತ್ತೆ ಹನ್ನೊಂದು ಹನ್ನೆರಡು ಗಂಟೆ. ಲಂಡನ್ ಲೆಕ್ಕವೂ ಇದರ ಹತ್ತಿರವೇ. ಟೋಕಿಯೊ ಇನ್ನೂ ಹಿತವಾದದ್ದು: 6,700 ಮತ್ತು 8,230 ಕಿ.ಮೀ., ಒಟ್ಟು ದೂರ ಕಡಿಮೆ, ಹೋಗುವಾಗ ಎರಡೂ ಹಾರಾಟಗಳಿಗೆ ಬೆನ್ನಗಾಳಿ. ಊಟದಲ್ಲಿ ಶುದ್ಧ ಸಸ್ಯಾಹಾರ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ತಿಳಿಸಬೇಕು.

ನಿಮ್ಮ ಜಾಗದಲ್ಲಿ ನನ್ನ ಮನೆಯವರಿದ್ದರೆ, ಪತ್ನಿಯ ಮಂಡಿಯನ್ನು ಮುಂದಿಟ್ಟುಕೊಂಡು ಟೋಕಿಯೊ ಅಥವಾ ಯುರೋಪಿನ ಮೂಲಕ, ಮೂರರಿಂದ ಐದು ಗಂಟೆಯ ಬಿಡುವಿರುವ ಟಿಕೆಟ್ ಹುಡುಕುತ್ತಿದ್ದೆ. ಒಂದೂವರೆ ಗಂಟೆಯ ಬಿಡುವಿನ ಟಿಕೆಟ್ ಅಗ್ಗವಾಗಿದ್ದರೂ ಬೇಡ. ಮೊದಲ ವಿಮಾನ ತುಸು ತಡವಾದರೂ ಎರಡನೆಯದು ತಪ್ಪುತ್ತದೆ, ಓಡಲು ನಿಮ್ಮಿಂದ ಆಗುವುದಿಲ್ಲ. ಪೂರ್ತಿ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಆಗ ವಿಮಾನ ತಪ್ಪಿದರೆ ಮುಂದಿನ ವ್ಯವಸ್ಥೆ ಮಾಡುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಆ ಹೊಣೆ ನಿಮ್ಮದೇ. ನ್ಯೂಯಾರ್ಕ್, ಷಿಕಾಗೊಗಳಲ್ಲಿ ಇಳಿದು ದೇಶದೊಳಗಿನ ವಿಮಾನ ಹಿಡಿಯುವ ಟಿಕೆಟ್ಟುಗಳನ್ನು ಬಿಡಿ. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ವಲಸೆ ತಪಾಸಣೆ ಮುಗಿಸಿ, ಸಾಮಾನು ಎತ್ತಿಕೊಂಡು ಮತ್ತೆ ಒಪ್ಪಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇಳಿದರೆ ಹೊರಗೆ ಮಗ ಇರುತ್ತಾನೆ. ನಡುವಿನ ದೇಶಕ್ಕೆ ವೀಸಾ ಬೇಕೇ ಎಂಬುದನ್ನು ಕಂಪನಿಯಿಂದಲೇ ಕೇಳಿ ತಿಳಿಯಿರಿ, ನಿಯಮಗಳು ಬದಲಾಗುತ್ತಿರುತ್ತವೆ. ಗಾಲಿಕುರ್ಚಿಯನ್ನು ಎರಡೂ ಹಾರಾಟಗಳಿಗೆ ಮುಂಚಿತವಾಗಿ ಕೇಳಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಆರೋಗ್ಯದ ಬಗ್ಗೆ ಎರಡು ಮಾತು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಎರಡು ಮೂರು ಪಟ್ಟು ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತರಲ್ಲಿ ಇದು ಸುಮಾರು 6,000ಕ್ಕೆ ಒಬ್ಬರಿಗೆ ಆಗಬಹುದಾದದ್ದು. ವಯಸ್ಸು ಮತ್ತು ಕೆಲವು ಕಾಯಿಲೆಗಳು ಸೇರಿದರೆ ಇನ್ನೂ ಹೆಚ್ಚು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲು ನಡುದಾರಿಯ ಬದಿಯ ಸೀಟು ತೆಗೆದುಕೊಳ್ಳಿ. ಒತ್ತುವ ಕಾಲುಚೀಲ ಬೇಕೇ, ಬೇರೆ ಔಷಧ ಬೇಕೇ ಎಂಬುದನ್ನು ನಿಮ್ಮ ವೈದ್ಯರು ಹೇಳಬೇಕು, ನಾನಲ್ಲ. ಆಯ್ಕೆ ಇದ್ದರೆ ಬೋಯಿಂಗ್ 787 ಅಥವಾ ಏರ್‌ಬಸ್ ಎ350 ಹಾರುವ ಸೇವೆ ನೋಡಿ. ಹಳೆಯ ವಿಮಾನಗಳ ಕ್ಯಾಬಿನ್ನಿನ ಗಾಳಿ 8,000 ಅಡಿ ಎತ್ತರದಷ್ಟು ತೆಳುವಾಗಬಹುದು. ಇವುಗಳಲ್ಲಿ ಅದು 6,000 ಅಡಿಯ ಆಸುಪಾಸಿನಲ್ಲಿರುತ್ತದೆ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ಎತ್ತರ.

ಮಾತ್ರೆಯ ಹೊತ್ತಿನ ಬಗ್ಗೆ ಎಚ್ಚರ ಬೇಕು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದಿದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಪ್ರಯಾಣದ ದಿನ ಅಲ್ಲಿಯ ಗಡಿಯಾರ ನೋಡಬೇಡಿ. ಹಿಂದಿನ ಮಾತ್ರೆ ತೆಗೆದುಕೊಂಡು ಎಷ್ಟು ಗಂಟೆಯಾಯಿತು ಎಂಬುದನ್ನು ಎಣಿಸಿ. ಒಂದು ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಬಿಟ್ಟಿರುವುದು ಸುಲಭದ ಉಪಾಯ.

ತಾರೀಖಿನ ಗೊಂದಲವನ್ನೂ ಬಿಡಿಸಿಬಿಡುತ್ತೇನೆ, ಏಕೆಂದರೆ ಕಾರು ಗೊತ್ತುಮಾಡುವಾಗ ಹಲವರು ಇದರಲ್ಲಿ ಎಡವುತ್ತಾರೆ. ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ನೇರವಾಗಿ 16 ಗಂಟೆ ಹಾರಿದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ತಾರೀಖಿನ ಸಂಜೆ ಐದು ಗಂಟೆ. ಗಡಿಯಾರದಲ್ಲಿ ಎರಡೂವರೆ ಗಂಟೆಯಷ್ಟೇ ಕಳೆದಿರುತ್ತದೆ. ಮರಳುವಾಗ ಶುಕ್ರವಾರ ರಾತ್ರಿ ಎಂಟೂವರೆಗೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಇಲ್ಲಿ ಭಾನುವಾರ ಬೆಳಗಿನ ಜಾವ ಮೂರೂವರೆ. ಶನಿವಾರ ಹೆಚ್ಚುಕಡಿಮೆ ಪೂರ್ತಿ ಆಕಾಶದಲ್ಲೇ ಕಳೆಯುತ್ತದೆ. ಹಾಗಾಗಿ ದಾವಣಗೆರೆಯಿಂದ ಬರುವ ಕಾರನ್ನು ಟಿಕೆಟ್ಟಿನಲ್ಲಿ ಬರೆದಿರುವ ಇಳಿಯುವ ತಾರೀಖಿಗೆ ಗೊತ್ತುಮಾಡಿ, ಹೊರಡುವ ದಿನಕ್ಕೆ ಒಂದು ಸೇರಿಸಿ ಲೆಕ್ಕ ಹಾಕಬೇಡಿ. ಚಾಲಕರಿಗೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬರಲು ಹೇಳಿದರೆ ಬೆಂಗಳೂರು ನಗರದೊಳಗೆ ನುಗ್ಗುವುದು ತಪ್ಪುತ್ತದೆ. ಹೊರಡುವ ದಿನವೂ ಅದೇ ದಾರಿ ಹಿಡಿಯಿರಿ, ನಿಲ್ದಾಣದಲ್ಲಿ ವಿಮಾನಕ್ಕೆ ನಾಲ್ಕು ಗಂಟೆ ಮುಂಚೆ ಇರಿ.